ಅತ್ತೆಗೆ ತಂದ ಮರಳು

ನೌಕರರ ಸಂಘದ ಪ್ರವಾಸಕ್ಕೆ ಹೊರಟ ದಿನ
ಟಿ. ನರಸೀಪುರದ ಬಸ್ ನಿಲ್ದಾಣದಲ್ಲಿ
ಕೆಂಪಾಜತ್ತೆ ಕೇಳಿದ್ದು ಒಂದೇ ಮಾತು:
‘ದುಡ್ ಕೊಟ್ಟು ಮರಳು ನೋಡಕ್ ಓಯ್ತಾರವ್ವ?’

ಕೇಳುವ ಹಕ್ಕು ಅವಳದು.
ಇಪ್ಪತ್ತೆರಡು ವರ್ಷ ತಲಕಾಡಿನಲ್ಲಿ
ಪಾತಾಳೇಶ್ವರನ ಮೆಟ್ಟಿಲಿಂದ ಮರಳು ಹೊತ್ತವಳು.
ಬೆಳಿಗ್ಗೆ ಎತ್ತಿ ಹಾಕಿದ್ದು ಸಂಜೆಯ ಗಾಳಿಗೆ
ಯಾರನ್ನೂ ಕೇಳದೆ ಮತ್ತೆ ಗುಡಿಯೊಳಗೆ.
ದಿನಗೂಲಿ, ಬುಟ್ಟಿ ಲೆಕ್ಕವಲ್ಲ;
ಆದರೂ ಅವಳು ಬುಟ್ಟಿ ಎಣಿಸುವಳು.

ರಜೆಗೆ ಹೋದರೆ ನನಗೂ ಒಂದು ಪುಟ್ಟ ಬುಟ್ಟಿ.
ಸರ್ವೆ ಮರಗಳ ನಡುವೆ ದಿಬ್ಬ ಹತ್ತಿ
ಸುರಿದು, ಕುಂಡೆಯ ಮೇಲೆ ಜಾರಿ ಇಳಿಯುವುದು.
ಕೆಳಗೆ ಕಾವೇರಿ ಮಗ್ಗುಲು ಬದಲಿಸುತ್ತ
ಅರ್ಧ ನೀರು, ಅರ್ಧ ಬಿಸಿಲು.
ಆಚೆ ದಡ ಕಾಣುತ್ತಿತ್ತು: ಕಬ್ಬು, ಪಂಪ್‌ಸೆಟ್ಟು, ಮೈ ತೊಳೆದ ಎಮ್ಮೆ.
ನಾನು ಕಣ್ಣು ಕಿರಿದು ಮಾಡಿ ಅಷ್ಟನ್ನೂ ಅಳಿಸಿ
ಸಮುದ್ರ ಅಂದುಕೊಳ್ಳುತ್ತಿದ್ದೆ.

ಗೈಡು ಶಾಪದ ಕಥೆ ಬಿಚ್ಚಿ
ಮೈಸೂರಿನ ಕಾನ್ವೆಂಟ್ ಮಕ್ಕಳು ಬಾಯಿ ಬಿಟ್ಟು ನಿಂತಾಗ
ಅತ್ತೆ ಅವರ ಬೂಟುಗಳ ನಡುವೆಯೇ ಪೊರಕೆ ಆಡಿಸುತ್ತ
‘ಸಾಪ ಆಕ್ದೋಳು ಒಂಟೋದ್ಲು,
ಗುಡ್ಸೋಳು ನಾನು. ವಸಿ ಕಾಲೆತ್ರಪ್ಪಾ’ ಅನ್ನುವಳು.

ಎರಡು ಹಗಲು, ಎರಡು ರಾತ್ರಿ ರೈಲು. ಆಮೇಲೆ ಬಸ್ಸು.
ಕಛ್ ಸೀಮೆಯ ಮಾಂಡವಿ.
ಮರುಭೂಮಿ ನಡೆದೂ ನಡೆದೂ ದಣಿದು
ಕಾಲು ಇಳಿಬಿಟ್ಟು ಕೂತ ಕಡಲ ದಂಡೆ.
ಬತ್ತಿದ ನದಿಯ ಬಾಯಲ್ಲಿ ಮರದ ಹಡಗು ಕಟ್ಟುತ್ತಿದ್ದರು,
ಪಕ್ಕೆಲುಬು ಎಣಿಸಬಹುದಾದಂಥ ಹಡಗು,
ಪಕ್ಕದ ಮನೆಗಳಿಗಿಂತ ಎತ್ತರ.
ಹಳೇ ಪೇಟೆಯ ಬಾಗಿಲುಗಳಲ್ಲಿ ಕೆತ್ತಿದ ಗಿಳಿಗಳಿಗೆ
ಉಪ್ಪುಗಾಳಿ ಕೊಕ್ಕು ಉಳಿಸಿರಲಿಲ್ಲ.
ನಮ್ಮ ಖಜಾಂಚಿ ಪುಟ್ಟಮಾದಪ್ಪ ಪ್ಯಾಂಟು ಮಡಿಸಿ
ಅಲೆಗೆ ಬೆನ್ನು ಕೊಟ್ಟು ಫೋಟೋಗೆ ನಿಂತು
ಫೋಟೋದಿಂದಾಚೆಗೆ ಬಿದ್ದ.
ನಕ್ಕೆ. ಆಮೇಲೆ ಸುಮ್ಮನಾದೆ.
ಆಚೆ ದಡ ಇರಲಿಲ್ಲ.
ಕಣ್ಣು ಕಿರಿದು ಮಾಡಿದೆ, ಹಳೇ ಚಾಳಿ.
ಅಳಿಸುವುದಕ್ಕೆ ಏನೂ ಇರಲಿಲ್ಲ.
ಒಂದು ಎಮ್ಮೆಯಾದರೂ ಇರಬಾರದಿತ್ತೇ.

ಮರುದಿನ ನಸುಕಿಗೆ ಲಾಡ್ಜಿನ ಹೊಸ್ತಿಲಲ್ಲಿ
ಒಬ್ಬ ಹೆಂಗಸು ರಾತ್ರಿಯ ಮರಳು ಗುಡಿಸುತ್ತಿದ್ದಳು.
ಏನೋ ಅಂದಳು. ಭಾಷೆ ಬಾರದು.
ಕಾಲೆತ್ತಿದೆ.

ಅತ್ತೆಗೊಂದು ಶಾಲು ಕೊಳ್ಳಬೇಕಿತ್ತು.
ಕೆಮ್ಮಿನ ಔಷಧಿಯ ಖಾಲಿ ಸೀಸೆಯಲ್ಲಿ
ಆ ದಂಡೆಯ ಮರಳು ತಂದೆ.

ಮಧ್ಯಾಹ್ನದ ಮುದ್ದೆ ಮುಗಿಸಿ
ಮೆಟ್ಟಿಲ ನೆರಳಲ್ಲಿ ಕೂತಿದ್ದಳು.
ಸೀಸೆಯನ್ನು ಅಂಗೈಗೆ ಬಗ್ಗಿಸಿ
ರಾಗಿ ಕೊಳ್ಳುವಾಗಿನಂತೆ ಊದಿ, ಬೆರಳಲ್ಲಿ ತಿಕ್ಕಿ,
ನಾಲಿಗೆ ತುದಿಗೆ ಇಟ್ಟಳು.
‘ಉಪ್ಪು.’
ತುಸು ಹೊತ್ತು ಏನೂ ಹೇಳಲಿಲ್ಲ. ಇನ್ನೊಮ್ಮೆ ನೆಕ್ಕಿದಳು.
‘ನಮ್ದು ಸಪ್ಪೆ’ ಅಂದಳು,
ಸೊಸೆಯ ಸಾರಿಗೆ ಹೇಳುವ ದನಿಯಲ್ಲಿ.
‘ಅಲ್ಲೂ ಗುಡುಸ್ತಾರಾ?’
ಗುಡಿಸ್ತಾರೆ, ಅತ್ತೆ.
‘ಅಲ್ಲಿಗ್ಯಾರಂತೆ ಸಾಪ ಆಕ್ದೋರು?’
ಅದನ್ನು ನಾನು ಕೇಳಿಕೊಂಡು ಬಂದಿರಲಿಲ್ಲ.

ಅಂಗೈ ಕೊಡವಿದಳು. ಅಷ್ಟು ದೂರದ ಕಡಲ ದಂಡೆ
ಮೆಟ್ಟಿಲ ಮೇಲೆ ಬಿತ್ತು,
ಯಾವುದು ಯಾವುದೋ ಇನ್ನು ಹೇಳುವಂತಿಲ್ಲ.
ಮಂಡಿಗೆ ಕೈಕೊಟ್ಟು ಎದ್ದು ಬುಟ್ಟಿ ಎಳೆದುಕೊಂಡಳು:
‘ನೋಡವ್ವ, ಅಷ್ಟು ದೂರ ಓಗಿ
ನಂಗಿನ್ನೊಂದ್ ಬುಟ್ಟಿ ತಂದ್ ಮಡಗ್ದೆ.’