ಎರಡನೇ ತರಗತಿಗೆ ಬಹುವಚನ

ನರೀನ್ ಊರಿನಲ್ಲಿ ಮಾರ್ಚ್ ಬಂದರೂ ಒಲೆ ಹೊತ್ತಿಸಲೇಬೇಕು.
ಕಲ್ಲಿದ್ದಲಿನ ಬಕೆಟ್ಟು ಹಿಡಿದು ಶಾಲೆಯ ಬಾಗಿಲಲ್ಲಿ ನಿಂತಿದ್ದೆ,
ಮೂವತ್ತೊಂದು ವರ್ಷ ಗಣಿತ ಕಲಿಸಿದವನು.
ತಡವಾಗಿ ಬಂದವರ ಕಿವಿಗೆ ಕೈ ಹಾಕುವ ಸರದಿ
ಆ ವಾರ ನನ್ನದು.

ಅರ್ಗೆನ್ ಬಂದ. ಏಳು ವರ್ಷ. ಒಂದು ಬೂಟಿಗೆ ಲೇಸಿಲ್ಲ,
ಅಂಗಿಯ ತೋಳಿಗೆ ಒಣಗಿದ ರಕ್ತದಂಥದ್ದು ಏನೋ.
"ಯಾಕೋ, ಲೇ" ಎನ್ನುವಷ್ಟರಲ್ಲಿ ನನ್ನ ಬೆನ್ನ ಹಿಂದಿನಿಂದ
ದಕ್ಷಿಣದ ಉಜ್ಗೆನ್‌ನಿಂದ ಹೊಸದಾಗಿ ಬಂದ ತಾಜಿಗುಲ್ ಟೀಚರು:
"ನೀವು ತಡವಾಗಿ ಬಂದಿರಿ. ಏನಾಯಿತು, ಹೇಳುತ್ತೀರಾ?"

ಹುಡುಗ ಹಿಂದಕ್ಕೆ ತಿರುಗಿ ನೋಡಿದ.
ಯಾರೂ ಇರಲಿಲ್ಲ. ಗೇಟು, ಹಿಮ, ಒಂದು ಬೀದಿನಾಯಿ.
ಮತ್ತೆ ಇತ್ತ ತಿರುಗಿದ.
ತನ್ನೊಳಗೇ ಅಷ್ಟು ಜನ ಇದ್ದಾರೆಯೇ ಎಂದು
ಎಣಿಸುವವನ ಹಾಗೆ ನಿಂತ.
ಆಮೇಲೆ ಹೇಳಿದ: ರಾತ್ರಿ ಕುರಿ ಈಯಿತು,
ಎರಡನೇ ಮರಿ ಅಡ್ಡ ಸಿಕ್ಕಿಕೊಂಡಿತ್ತು,
ಮನೆಯಲ್ಲಿ ಎಲ್ಲರಿಗಿಂತ ಸಣ್ಣ ಕೈ ನನ್ನದು.

ಈ ಕೈಯ ಮೇಲೆ ಎಷ್ಟು ಸಲ ಸ್ಕೇಲು ಇಟ್ಟಿದ್ದೆನೋ.

ಸ್ಟಾಫ್ ರೂಮಿನಲ್ಲಿ ನಗು.
"ದಕ್ಷಿಣದವರ ನಾಲಿಗೆಗೆ ಬೆಣ್ಣೆ ಸವರಿರುತ್ತೆ" ಎಂದರು ಭೂಗೋಳದ ಕಾಲಿಪಾ.
ನಾನೂ ಬಿಡಲಿಲ್ಲ:
ಸಲಿಗೆ ಕೊಟ್ಟರೆ ನೆತ್ತಿ ಮೇಲೆ ಕೂರುತ್ತವೆ.
ಗೌರವ ಅನ್ನೋದು ಗಳಿಸುವಂಥದ್ದು, ಅವು ಏನು ಗಳಿಸಿವೆ?
ಗಿಡವಾಗಿ ಬಗ್ಗದ್ದು ಮರವಾಗಿ...

ತಾಜಿಗುಲ್ ಚಹಾಕ್ಕೆ ಜಾಮ್ ಕಲಸುತ್ತಿದ್ದಳು.
"ಈ ಊರಲ್ಲಿ ಇರೋದು ಬರೀ ಪಾಪ್ಲರ್ ಮರ, ಮೇಷ್ಟ್ರೇ.
ಬಗ್ಗಿಸಿ ಏನು ಮಾಡ್ತೀರಿ?"
ಒಂದು ಗುಟುಕು ಕುಡಿದು:
"ನಾನು ಬಂದ ಮೊದಲ ದಿನವೇ ಅವರು ಎದ್ದು ನಿಂತರು.
ಆಗ ನಾನೇನು ಗಳಿಸಿದ್ದೆ?
ಮುಂಗಡ ಕೊಟ್ಟಿದ್ದಾರೆ. ತೀರಿಸ್ತಾ ಇದ್ದೀನಿ."

ಅವರು, ಎಂದಳು.
ನಾನು ಜೀವಮಾನವಿಡೀ "ಅವು" ಎಂದವನು.
ಕುರಿಗಳು ಬಂದವು, ಮೋಡಗಳು ಬಂದವು, ಮಕ್ಕಳು ಬಂದವು.
ವ್ಯಾಕರಣ ತಪ್ಪಲ್ಲ. ಯಾರೂ ತಿದ್ದಿರಲಿಲ್ಲ.

ಹಾಗಂತ ಆಕೆ ಮೆತ್ತಗಿನವಳೇನಲ್ಲ.
ಶುಕ್ರವಾರ ಅರ್ಗೆನ್‌ನ ನೋಟುಪುಸ್ತಕದಲ್ಲಿ ಕೆಂಪು ಶಾಯಿ:
"ನೀವು ಹನ್ನೆರಡರಿಂದ ಏಳು ಕಳೆದು ಆರು ಎಂದು ಬರೆದಿದ್ದೀರಿ.
ಐದರಲ್ಲಿ ಎರಡು ಅಂಕ."
ಅತ್ತ. ಮೂಗನ್ನು ಅದೇ ತೋಳಿಗೆ ಒರೆಸಿಕೊಂಡ.
ಮಧ್ಯಾಹ್ನ ನೋಡಿದರೆ ಕಾರಿಡಾರಿನಲ್ಲಿ
ಕೈಬೆರಳು ಸಾಲದೆ ಬೂಟು ಬಿಚ್ಚಿ, ಕಾಲ್ಬೆರಳಲ್ಲಿ
ಹನ್ನೆರಡನ್ನು ಹುಡುಕುತ್ತ ಕೂತಿದ್ದಾನೆ, ಆ ಚಳಿಯಲ್ಲಿ.

ನನ್ನ ಲೆಕ್ಕಕ್ಕೆ ಯಾರೂ ಬೂಟು ಬಿಚ್ಚಿದ್ದಿಲ್ಲ.

ಡ್ರಾಯರಿನಲ್ಲಿ ಮರದ ಸ್ಕೇಲು ಇದೆ ಈಗಲೂ.
ಒಂದು ಅಂಚು ಸವೆದು ಹದಿನೆಂಟರ ಗುರುತೇ ಇಲ್ಲ.
ಗೆರೆ ಎಳೆದೆಳೆದು ಸವೆಯಿತು ಎಂದು
ಹೆಂಡತಿಗೆ ಒಮ್ಮೆ ಹೇಳಿದ್ದೆ.
ನಂಬಿದಳೋ ಇಲ್ಲವೋ, ಮತ್ತೆ ಕೇಳಲಿಲ್ಲ.

ಏಪ್ರಿಲ್ಲಿನಲ್ಲಿ ಅಂಗಳವೆಲ್ಲ ಕೆಸರು.
ಮೆಟ್ಟಿಲ ಮೇಲೆ ಬಕೆಟ್ಟು ಜಾರಿ ಕಲ್ಲಿದ್ದಲು ಚೆಲ್ಲಿತು.
ಯಾರು ಕರೆದರೋ, ಅರ್ಗೆನ್ ಬಂದು ಆಯತೊಡಗಿದ,
ಆ ಸಣ್ಣ ಕೈಯಿಂದ, ಮೆಟ್ಟಿಲ ಸಂದಿಗೆ ಬಿದ್ದದ್ದನ್ನೂ.
ನನಗೆ ನಾಚಿಕೆಯೋ, ಸೊಂಟನೋವೋ, ಗೊತ್ತಿಲ್ಲ:
"ಬಿಡಿ, ನಿಮ್ಮ ಕೈ ಕಪ್ಪಾಗುತ್ತೆ"
ಎಂದುಬಿಟ್ಟಿತು ಬಾಯಿ.

ಹುಡುಗ ಈ ಸಲ ತಿರುಗಿ ನೋಡಲಿಲ್ಲ.
"ಪರವಾಗಿಲ್ಲ" ಎಂದು ಇನ್ನೊಂದು ತುಂಡು ಎತ್ತಿ ಹಾಕಿದ.

ಹಿಂದೆ ತಿರುಗಿ ನೋಡಿದವನು ನಾನು.
ಯಾರಪ್ಪಾ ಮಾತಾಡಿದ್ದು?