ಹಣ ಬಳಕೆ ಪ್ರಮಾಣಪತ್ರ

ಅರ್ಜಿಯ ನಾಲ್ಕನೇ ಕಲಂ ಕೇಳಿತ್ತು:
ಈ ಪ್ರದರ್ಶನದಿಂದ ಸಮಾಜಕ್ಕೇನು ಲಾಭ?
ಇನ್ನೂರು ಪದ ಮೀರದಂತೆ.
ಶಿಡ್ಲಘಟ್ಟದ ಶಾಖಾ ಗ್ರಂಥಾಲಯದಲ್ಲಿ
ಕಿರುಗುಟ್ಟುವ ಫ್ಯಾನಿನಡಿ ಮೂರು ಸಂಜೆ
ಬರೆದೆ, ಹೊಡೆದುಹಾಕಿದೆ, ಎಣಿಸಿದೆ.

ಗೂಡಿನ ಎಳೆಗೆ ತುದಿ ಸಿಗೋದೇ ಕಷ್ಟ ಸಾರ್,
ಕುದಿನೀರಿಗೆ ಹಾಕಿ ಪೊರಕೇಲಿ ತಡವಬೇಕು,
ತುದಿ ಸಿಕ್ತೋ, ಮಿಕ್ಕಿದ್ದು ತಾನಾಗೇ ಬರ್ತದೆ
ಅಂದಿದ್ದಳು ಖಮರುನ್ನೀಸಾ.
ಅದನ್ನೇ ತುಸು ತಿದ್ದಿ ಬರೆದುಬಿಟ್ಟೆ,
ಸಮಾಜಕ್ಕೆ ಲಾಭ ಅಂತ.

ಒಂದು ಲಕ್ಷದ ಅರವತ್ತು ಸಾವಿರ ಕೇಳಿದ್ದೆ.
ಎಂಬತ್ತು ಮಂಜೂರಾಯಿತು, ಎರಡು ಕಂತು,
ಎರಡನೆಯದು
ಮೊದಲನೆಯದರ ಲೆಕ್ಕ ಒಪ್ಪಿಸಿದ ಮೇಲೆ.

ಪ್ರತಿಷ್ಠಾನದಿಂದ ಬಂದ ಹೆಣ್ಣುಮಗಳು, ಒಳ್ಳೆಯವಳೇ,
ಮುಚ್ಚಿಹೋದ ಪಿಳ್ಳಪ್ಪನ ಫಿಲೇಚರಿನ ಬಾಗಿಲಲ್ಲಿ
ಮೂಗಿಗೆ ದುಪಟ್ಟಾ ಒತ್ತಿ ನಿಂತಳು.
ಈ ವಾಸನೆಗೇನಾದರೂ ಮಾಡೋಕಾಗುತ್ತಾ?
ಒಲೆ ಆರಿ ಹದಿನಾಲ್ಕು ವರ್ಷ.
ಗೋಡೆ ಕುಡಿದದ್ದನ್ನು ಗೋಡೆ ಬಿಡುವುದಿಲ್ಲ ಮೇಡಂ,
ಫಿನಾಯಿಲಿಗೆ ನಮ್ಮಲ್ಲಿ ಬಾಬತ್ತೂ ಇಲ್ಲ.
ಒಂದು ಸೀರೆಯಾದರೂ ಇಡಿ, ಕಳೆ ಬರುತ್ತೆ, ಎಂದಳು.
ಊರೆಲ್ಲ ಹುಡುಕಿದೆ.
ಬಿಚ್ಚಾಣಿಕೆಯವರ ಮನೆಗಳಲ್ಲಿ
ರೇಷ್ಮೆ ಸೀರೆ ಸಿಕ್ಕಿದ್ದು ಒಂದೇ, ಅದೂ ಸೊಸೆಯದು,
ಬೆಳಕಿಗೆ ಹಿಡಿದರೆ ಅದೂ ಆರ್ಟ್ ಸಿಲ್ಕು.

ಖಮರುನ್ನೀಸಾ ಎರಡು ದಿನ ಕೂತು
ನಲವತ್ತು ವರ್ಷ ಹೇಳಿದಳು,
ಉರ್ದುವಿಗೆ ಹೊರಳಿ, ತೆಲುಗಿಗೆ ಜಾರಿ, ಕನ್ನಡ ಹಿಡಿದು ಎದ್ದು.
ಗೌರವಧನ ಏಳುನೂರ ಐವತ್ತು.
ರೆವಿನ್ಯೂ ಸ್ಟಾಂಪಿನ ಮೇಲೆ
ಹೆಬ್ಬೆಟ್ಟು ಒತ್ತಿದಳು.
ಬಂದದ್ದೊಂದು ನೀಲಿ ಮಚ್ಚೆ.
ಇನ್ನೊಮ್ಮೆ. ಬಲಗೈ. ಇನ್ನೊಮ್ಮೆ.
ಗೆರೆಯಿಲ್ಲ, ಸುಳಿಯಿಲ್ಲ,
ಬಟಾಬಯಲು.
ನಕ್ಕಳು: ರೇಷನ್ ಅಂಗಡಿ ಮಿಷಿನ್ನೂ ಹಿಂಗೇ ಸಾರ್,
ನನ್ನ ಕಂಡ್ರೆ ಕೆಂಪು ದೀಪ ಹಾಕ್ತದೆ.
ನೀರು ತಿಂತು. ಅಷ್ಟೂ ನೀರೇ ತಿಂತು.

ಜುಲೈನಲ್ಲಿ ಲೆಕ್ಕಪರಿಶೋಧಕರ ಪತ್ರ:
ವೋಚರ್ ಹದಿನೇಳು. ಬೆರಳಚ್ಚು ಸ್ಪಷ್ಟವಿಲ್ಲ.
ಪಾವತಿ ಸಾಬೀತಾಗದ ಕಾರಣ
ಸದರಿ ಮೊತ್ತವನ್ನು ಅಮಾನ್ಯಗೊಳಿಸಿದೆ.
ಕೈಯಿಂದ ಕಟ್ಟಿದೆ.
ಅವಳಿಗೆ ಹೇಳಲಿಲ್ಲ, ಹೇಳಿದ್ದರೆ
ಸೆರಗಿನ ಗಂಟು ಬಿಚ್ಚಿ ವಾಪಸು ಕೊಡುವವಳೇ.

ವೋಚರನ್ನು ಪತ್ರಕ್ಕೆ ಪಿನ್ನು ಚುಚ್ಚಿ ಹಿಂದಿರುಗಿಸಿದ್ದರು.
ಎರಡನ್ನೂ ಹಾಗೆಯೇ, ಪಿನ್ನಿನ ಸಮೇತ,
ಸೀರೆಗೆಂದು ಬಿಟ್ಟಿದ್ದ ಜಾಗದಲ್ಲಿ
ಗಾಜಿನಡಿ ಇಟ್ಟೆ.
ಕೆಳಗೊಂದು ವಿವರಣೆ ಬರೆದೆ.
ಮಾರನೇ ಬೆಳಿಗ್ಗೆ ಕಿತ್ತು ತೆಗೆದೆ.

ಈಗ ಕೊನೆಯ ವರದಿ.
ಕಲಂ ಒಂಬತ್ತು: ಒಟ್ಟು ಸಂದರ್ಶಕರ ಸಂಖ್ಯೆ.
ಮುನ್ನೂರ ಹನ್ನೊಂದು.
ಇದರಲ್ಲಿ ಇನ್ನೂರು ಶಾಲೆಯ ಮಕ್ಕಳು,
ಥೂ ಎಂದು ಮೂಗು ಹಿಡಿದು ಓಡಿ
ಚರಕ ತಿರುಗಿಸಲು ಮತ್ತೆ ಬಂದವರು;
ಅವರನ್ನು ಎರಡು ಸಲ ಎಣಿಸಿಲ್ಲ.

ಕಡೆಯ ದಿನ ಮಧ್ಯಾಹ್ನ ಒಬ್ಬ ಬಂದ.
ಐವತ್ತರ ಆಸುಪಾಸು, ಇಸ್ತ್ರಿಯ ಅಂಗಿ,
ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿ.
ಬಾಣಲೆ ಈ ಕಡೆ ಇರಲಿಲ್ಲ, ಎಂದ.
ಆ ಮೂಲೆಗಿತ್ತು. ಕಿಟಕಿ ಸಿಗುತ್ತಿರಲಿಲ್ಲ.
ಆಮೇಲೆ ಹದಿನೇಳನೇ ವೋಚರಿನ ಮುಂದೆ ನಿಂತವನು
ನಾನು ದೀಪ ಆರಿಸುವವರೆಗೆ ನಿಂತೇ ಇದ್ದ.
ಸಂದರ್ಶಕರ ಪುಸ್ತಕ ಚಾಚಿದೆ, ಪೆನ್ನು ಕೊಟ್ಟೆ.
ಕೈ ಹೊರಗೆ ತೆಗೆಯಲಿಲ್ಲ.

ಅವನನ್ನು ಸೇರಿಸಿದರೆ ಮುನ್ನೂರ ಹನ್ನೆರಡು.
ದಾಖಲೆ ಕೇಳುತ್ತಾರೆ.