ಋಣ, ಅನುಬಂಧ

ಮೂರು ಪ್ರತಿ ಬರೆಯಬೇಕು. ಒಂದು ಹುಡುಗಿಯ ಅಪ್ಪನಿಗೆ,
ಒಂದು ಹುಡುಗನ ಅಪ್ಪನಿಗೆ,
ಇನ್ನೊಂದು ಕಚೇರಿಯ ಕಬ್ಬಿಣದ ಪೆಟ್ಟಿಗೆಗೆ.
ಮದುವೆಯಾಗುವ ಇಬ್ಬರಿಗೆ ಪ್ರತಿ ಇಲ್ಲ.

ನಾನು ಗುಮಾಸ್ತ. ಗ್ಲಾಸ್ಗೋದಿಂದ
ಹೊಗೆಸೊಪ್ಪಿನ ಹಡಗು ಹತ್ತಿ ಬಂದವನು,
ಹಾಳೆಗೆ ಆರು ಪೆನ್ಸಿನ ಆಳು.
ವರ್ಜೀನಿಯಾದ ಈ ಹೊಳೆದಂಡೆಯಲ್ಲಿ
ಒಲವು ಹೇಗೆ ಶುರುವಾಗುತ್ತದೆ ಗೊತ್ತೇ? ಕಾಗದದಿಂದ.
"ನನ್ನ ಮಗ ತಮ್ಮ ಮಗಳಲ್ಲಿ ಮನಸ್ಸಿಟ್ಟಿದ್ದಾನೆ.
ಎಂಟುನೂರು ಎಕರೆ ನಾನು ಕೊಡುತ್ತೇನೆ. ತಾವು?"

ಆ 'ತಾವು'ವಿಗೆ ಉತ್ತರ ಬರಲು ಆರು ವಾರ
ಕುದುರೆ ಓಡಿದ್ದೇ ಓಡಿದ್ದು.
ಆಷ್‌ಕೂಂಬ್ ಕರ್ನಲ್ಲರು ಬೆಳ್ಳಿಯ ಚಹಾಪಾತ್ರೆ ಏರಿಸಿದರೆ
ಥರ್ಲೋ ಸಾಹೇಬರು ಜೌಗುನೆಲ ಇಳಿಸಿದರು.
ಹೊಲದಲ್ಲಿನ್ನೂ ನಿಂತಿದ್ದ ಸೊಪ್ಪಿಗೆ
ನೀರೊಳಗಿನ ಎಮ್ಮೆಗೆ ಕಟ್ಟಿದಂತೆ ಬೆಲೆ ಕಟ್ಟಿದರು.

ನಡುವೆ ಒಂದು ರಾತ್ರಿ ಕುಣಿತವಿತ್ತು. ಗ್ಯಾವಿನ್ ಥರ್ಲೋ
ಲೆಟಿಸಳೊಡನೆ ಎರಡು ಸುತ್ತು ಕುಣಿದ,
ಮೂರನೆಯದಕ್ಕೆ ಇಸ್ಪೀಟಿನ ಮೇಜಿಗೆ ಹೋದ.
ಅವನು ಮರೆತುಹೋದ ಕೈಗವಸಿನಲ್ಲಿ ಬೆರಳು ತೂರಿಸಿಕೊಂಡು
ಕಿಟಕಿಯ ಬಳಿ ಅವಳು ನಿಂತೇ ಇದ್ದಳು.
ಒಳ್ಳೆಯ ಹುಡುಗಿ. ನಿನ್ನೆ ಬಂದು ಕೇಳಿದಳು,
"ಇದರಲ್ಲಿ ನಾನು ಎಲ್ಲಿದ್ದೇನೆ?"
"ಐದನೇ ಹಾಳೆಯಲ್ಲಿ, ವಿಧವೆಯಾಗಿ" ಎಂದೆ.
"ಮೂರರಲ್ಲೊಂದು ಪಾಲು, ಬದುಕಿರುವ ತನಕ."
ನಗಲೋ ಬೇಡವೋ ಎಂದು ನನ್ನ ಮುಖ ನೋಡಿದಳು.

ಋಣಾನುಬಂಧ ಎನ್ನುವುದಾದರೆ ಇದನ್ನೇ ಅನ್ನಬೇಕು:
ಋಣ, ಎರಡೂ ಮನೆಯದು, ಲಂಡನ್ನಿನ ವರ್ತಕನಿಗೆ;
ಅನುಬಂಧ, ಕೊನೆಯ ಹಾಳೆ.

ಅದನ್ನೇ ಬರೆಯುತ್ತಿದ್ದೆ.
ಕಂದು ಹೆಣ್ಣುಕುದುರೆ, ಒಂದು.
ಗರಿ ತುಂಬಿದ ಹಾಸಿಗೆ, ಎರಡು.
ಕುದುರೆಗೂ ಹಾಸಿಗೆಗೂ ನಡುವೆ
ಫಿಬಾ, ಹನ್ನೊಂದು ವರ್ಷ,
ಮತ್ತು ಮುಂದೆ ಅವಳಿಗೆ ಹುಟ್ಟುವವರೆಲ್ಲ.
ಶಾಯಿ ಆರಲೆಂದು ಮರಳು ಉದುರಿಸುವಾಗ
ಮೇಣದಬತ್ತಿ ತಂದಿಟ್ಟವಳು ಅವಳೇ.

"ಏನ್ ಬರೀತಿದೀರಿ?"
"ಮದುವೆ."
"ಚಿಕ್ಕಮ್ಮಾವ್ರದಾ?"
"ಹೂಂ."
"ನಮ್ಮವ್ವನೂ ಬರ್ತಾಳಾ ಆ ಮನೆಗೆ?"

ಹೆಬ್ಬಾತಿನ ಗರಿ ಮೊಂಡಾಗಿತ್ತು. ಚಾಕು ಹುಡುಕಿದೆ,
ಮೇಜಿನ ಮೇಲೆ, ಮೇಜಿನ ಕೆಳಗೆ.
ಅದು ಕೈಯಲ್ಲೇ ಇತ್ತು.
ಅವಳು ಕಾದಳು. ಬತ್ತಿ ವಾಲಿ
ಮೇಣ ಹಾಳೆಯ ಮೇಲೆ ತೊಟ್ಟಿಕ್ಕಿತು.

ಹಾಗಾಗಿ ಮೂರು ಸಲ ಬರೆಯಬೇಕಾದ ಅವಳ ಹೆಸರನ್ನು
ನಾಲ್ಕು ಸಲ ಬರೆದೆ.
ನಾಲ್ಕನೆಯದಕ್ಕೂ ಆರು ಪೆನ್ಸು
ಕೇಳಿ ಇಸಿದುಕೊಂಡೆ.